ಹಾಯುವ ಅಲೆ, ಕೂಡುವ ಅಲೆ

ನಿನ್ನೆ ಕಳಿಸಿದ ಧ್ವನಿ ಸಂದೇಶದ ಕೆಳಗೆ ಯಾರೋ ಬರೆದಿದ್ದಾರೆ: ಅಜ್ಜನಿಗೆ ನೆನಪು ಕೈಕೊಡುತ್ತಿದೆ, ಸೈರನ್ ಆಗಿದ್ದು ಒಂಬತ್ತು ಸಲ ಅಲ್ಲ, ಏಳೇ ಸಲ ಅಂತ. ಬರೆದ ಮಹಾರಾಯರೇ, ಆ ಏಳರಲ್ಲಾಗಲಿ ಒಂಬತ್ತರಲ್ಲಾಗಲಿ ನೀವು ಎಷ್ಟು ಸಲ ಹಾಸಿಗೆ ಸುತ್ತಿಕೊಂಡು, ಕೋಳಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಸೇತುವೆ ದಾಟಿದ್ದೀರಿ? ಒಂದು ಸಲವೂ ಇಲ್ಲ. ಹೊತ್ತ ಹೆಗಲು ಮರೆಯುವುದಿಲ್ಲ. ಒಂಬತ್ತು ಸಲ. ಮೊಣಕಾಲು ಹೋಗಿದೆ, ಎಡಗಿವಿ ಹೋಗಿದೆ, ತಲೆ ಹೋಗಿಲ್ಲ. ಅನುಮಾನ ಇದ್ದವರು ಇಲ್ಲಿಗೇ ಬಂದ್ ಮಾಡಿ ನಿಮ್ಮ ಕೆಲಸ ನೋಡಿಕೊಳ್ಳಿ. ಉಳಿದವರು ಕೇಳಿ.

ಇದು ಕಸ್ತೂರಿಯ ಕಥೆ. ಗುಂಡಲದಿನ್ನಿ ಬ್ಯಾರೇಜಿನ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಆಗಿದ್ದ ಕಸ್ತೂರಿ ಬಾವಿಕಟ್ಟಿ. ಐವತ್ತೆರಡು ವಯಸ್ಸು, ಐ.ಟಿ.ಐ. ಓದಿದವಳು, ಇಪ್ಪತ್ತಾರು ವರ್ಷ ಅದೇ ಕಟ್ಟಡದಲ್ಲಿ ಕೂತು ಕೂತು ಆ ಕುರ್ಚಿಯ ಆಕಾರಕ್ಕೇ ಬಂದವಳು. ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಹೊಳೆಯ ನಡುವೆ ಹಂಸನಗಡ್ಡಿ ಕಾಣುತ್ತಿತ್ತು. ಗಡ್ಡಿ ಅಂದರೆ ನಡುಗಡ್ಡೆ. ಸುತ್ತ ನೀರು, ಒಂದೇ ಒಂದು ತಗ್ಗು ಸೇತುವೆ, ಮುನ್ನೂರ ಹತ್ತು ಜನ. ಆ ಮುನ್ನೂರ ಹತ್ತರಲ್ಲಿ ಕಸ್ತೂರಿಯ ಅತ್ತೆ ಹುಲಿಗೆವ್ವನೂ ಒಬ್ಬಳು. ಮಗ ಸೊಸೆ ಇಬ್ಬರೂ ಬ್ಯಾರೇಜಿನ ಕ್ವಾರ್ಟರ್ಸ್‌ನಲ್ಲಿದ್ದರೂ ಮುದುಕಿ ಗಡ್ಡಿ ಬಿಟ್ಟು ಬರಲಿಲ್ಲ. ಕ್ವಾರ್ಟರ್ಸ್‌ನ ನಲ್ಲಿ ನೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ ಅನ್ನುವುದು ಅವಳ ತಕರಾರು.

ಈಗ ಬಿಲ್ಲೆಯ ವಿಷಯ. ಕಾಗದದಲ್ಲಿ ಅದಕ್ಕೆ ಒಂದು ಗೇಣು ಉದ್ದದ ಹೆಸರಿತ್ತು, ಯಾರೂ ಕರೆಯುತ್ತಿರಲಿಲ್ಲ. ಹಳೆಯ ಐದು ರೂಪಾಯಿ ನಾಣ್ಯದಷ್ಟು ಇದ್ದುದರಿಂದ ಬಿಲ್ಲೆ ಅಂದರು. ಎದುರು ಬದುರು ಎರಡು ಕನ್ನಡಿ, ನಡುವೆ ಕೂದಲಿಗಿಂತ ತೆಳುವಾದ ಒಂದು ಪದರ. ಒಳಗೆ ಬಿದ್ದ ಬೆಳಕು ಹೊರಗೆ ಬರಲಾರದೆ ಸಾವಿರ ಸಲ ಅತ್ತಿಂದಿತ್ತ ಬಡಿದು, ಆ ಪದರದ ಜೊತೆ ಬೆರೆತು, ಅರ್ಧ ಬೆಳಕು ಅರ್ಧ ವಸ್ತು ಆಗಿಬಿಡುತ್ತದೆ. ತೂಕ ಬರುತ್ತದೆ. ಬರಿಯ ಬೆಳಕಿಗೆ ಬೆಳಕು ತಾಗುವುದಿಲ್ಲ, ಎರಡು ಬ್ಯಾಟರಿಯ ಬೆಳಕು ಒಂದನ್ನೊಂದು ಹಾಯ್ದು ಹೋಗುವುದನ್ನು ನೀವೇ ನೋಡಿದ್ದೀರಿ. ಆದರೆ ಈ ತೂಕದ ಬೆಳಕು ಒಂದನ್ನೊಂದು ತಳ್ಳುತ್ತದೆ. ತಳ್ಳುವುದು ಬಂದರೆ ಹರಿಯುವುದೂ ಬರುತ್ತದೆ. ಬೆಳಕು ನೀರಾಗುತ್ತದೆ.

ಡಾಕ್ಟರ್ ಪದ್ಮನಾಭ ಐತಾಳ ಅನ್ನುವ ಕರಾವಳಿಯ ವಿಜ್ಞಾನಿಗೆ ಹೊಳೆದದ್ದು ಇಷ್ಟೇ: ಇಡೀ ಹೊಳೆಯನ್ನು ಈ ಬಿಲ್ಲೆಯೊಳಗೆ ಬೆಳಕಿನಲ್ಲಿ ಹರಿಸಿ ನೋಡಿದರೆ ಹೇಗೆ? ಮೇಲಿನ ಅಣೆಕಟ್ಟಿನಿಂದ ಗಡ್ಡಿಯವರೆಗಿನ ತಿರುವು, ಬಂಡೆ, ತಗ್ಗು ಎಲ್ಲವನ್ನೂ ಬಿಲ್ಲೆಯ ಮೇಲೆ ಕೆತ್ತಿಸಿದರು. ಮೇಲೆ ಎಷ್ಟು ನೀರು ಬಿಟ್ಟರು, ಹಿರೇಹಳ್ಳದಿಂದ ಎಷ್ಟು ಬಂದು ಸೇರಿತು ಅನ್ನುವುದನ್ನು ಮಾಪಕಗಳು ದೀಪಕ್ಕೆ ತಿಳಿಸುತ್ತವೆ. ದೀಪ ಅಷ್ಟೇ ಬೆಳಕನ್ನು ಬಿಲ್ಲೆಯೊಳಗೆ ಸುರಿಯುತ್ತದೆ. ಹೊಳೆ ಒಂಬತ್ತು ತಾಸಿನಲ್ಲಿ ಮಾಡುವುದನ್ನು ಬೆಳಕು ರೆಪ್ಪೆ ಬಡಿಯುವ ಮೊದಲೇ ಮಾಡಿ ಮುಗಿಸುತ್ತದೆ. ಆಚೆ ಬದಿಯಲ್ಲಿ ಕ್ಯಾಮೆರಾ ಅದನ್ನು ಹಿಡಿದು ಪರದೆಯ ಮೇಲೆ ನಿಧಾನವಾಗಿ ತೋರಿಸುತ್ತದೆ.

ಒಂದೇ ತೊಂದರೆ. ಆ ಬೆಳಕಿಗೆ ಆಯುಷ್ಯ ಕಡಿಮೆ. ಗಡ್ಡಿ ಮುಟ್ಟುವ ಮೊದಲೇ ಸೋರಿ ಹೋಗುತ್ತದೆ. ಅಣೆಕಟ್ಟಿನ ಅಲೆ, ಹಳ್ಳದ ಅಲೆ, ಎರಡೂ ಗಡ್ಡಿಯ ಮೇಲಿನ ತಿರುವಿನಲ್ಲಿ ಸೇರಿ ಬೆಳ್ಳಗೆ ಒಂದು ಡುಬ್ಬ ಏಳುವುದು ಕಾಣುತ್ತದೆ, ಆಮೇಲೆ ಚಿತ್ರ ಮಸುಕು. ಆ ಡುಬ್ಬ ಎರಡು ಥರ ಆಗಬಹುದು. ಎರಡು ಅಲೆ ಒಂದರ ಮೇಲೊಂದು ಹಾಯುವಾಗ ಒಂದು ಗಳಿಗೆ ಎತ್ತರ ಕಂಡು, ಆಮೇಲೆ ತಮ್ಮ ತಮ್ಮ ದಾರಿ ಹಿಡಿಯಬಹುದು. ಅದು ಹಾಯುವ ಅಲೆ. ಅದಕ್ಕೆ ಹೆದರಬೇಕಾಗಿಲ್ಲ. ಇಲ್ಲವೇ ಒಂದನ್ನೊಂದು ತಳ್ಳಿ, ಸಿಕ್ಕಿಕೊಂಡು, ಒಂದೇ ಗೋಡೆಯಾಗಿ ನಿಂತು, ಹಾಗೇ ಗಡ್ಡಿಯವರೆಗೆ ನಡೆದು ಬರಬಹುದು. ಅದು ಕೂಡುವ ಅಲೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಮೊದಲ ಎರಡು ವರ್ಷ ಡುಬ್ಬ ಕಂಡಾಗಲೆಲ್ಲ ಸೈರನ್ ಹಾಕಿದರು. ಒಂಬತ್ತು ಸಲ ಗಡ್ಡಿಯ ಜನ ಎದ್ದು ಬಂದರು. ಒಂಬತ್ತು ಸಲವೂ ನೀರು ಪಾದ ತೊಳೆದು ಹೋಯಿತು. ಬಾಣಂತಿಯರನ್ನು ಹೊತ್ತು ತಂದರು, ಲಕ್ವಾ ಹೊಡೆದವರನ್ನು ಬಾಗಿಲ ಹಲಗೆಯ ಮೇಲೆ ತಂದರು. ಶಾಲೆಯ ವರಾಂಡದಲ್ಲಿ ಉಪ್ಪಿಟ್ಟು ತಿಂದು ತಿಂದು, ಉಪ್ಪಿಟ್ಟಿನ ವಾಸನೆ ಬಂದರೆ ಗಡ್ಡಿಯ ಮಕ್ಕಳು ಇವತ್ತಿಗೂ ಮುಖ ತಿರುಗಿಸುತ್ತವೆ. ಒಂಬತ್ತನೆಯ ಸಲ ಅರ್ಧಕ್ಕರ್ಧ ಜನ ಬರಲೇ ಇಲ್ಲ.

ಆಗ ಐತಾಳರು ಒಂದು ಪರೀಕ್ಷೆ ಬರೆದು ಕಳಿಸಿದರು. ಕನ್ನಡದಲ್ಲಿ, ಹದಿನಾರು ಪುಟದ ಪುಸ್ತಕ. ಅರ್ಧ ಬೆಳಕಿನ ಪರೀಕ್ಷೆ. ಸಂತೆಯ ದಿನ ಬಸ್ಸಿನ ಬಾಗಿಲನ್ನು ನೆನಪಿಸಿಕೊಳ್ಳಿ. ಇಳಿಯುವವರು ನಾಲ್ವರು ಹತ್ತುವವರು ನಾಲ್ವರು ಇದ್ದರೆ ಒಬ್ಬರ ಪಕ್ಕ ಒಬ್ಬರು ಹಾಯ್ದು ಹೋಗುತ್ತಾರೆ. ನಲವತ್ತು ನಲವತ್ತು ಇದ್ದರೆ ಬಾಗಿಲಲ್ಲಿ ಮುದ್ದೆಯಾಗಿ ಸಿಕ್ಕಿಕೊಳ್ಳುತ್ತಾರೆ. ಬಾಗಿಲಲ್ಲಿರುವುದು ಸುಮ್ಮನೆ ಹಾಯುವ ಗುಂಪೋ, ತಳ್ಳಾಟದ ಮುದ್ದೆಯೋ ತಿಳಿಯಬೇಕಾದರೆ ಜನರನ್ನು ಅರ್ಧಕ್ಕೆ ಇಳಿಸಿ ನೋಡಬೇಕು. ಅರ್ಧ ಮಂದಿಯಲ್ಲೂ ಗುಂಪಿನ ಆಕಾರ ಅದೇ ಉಳಿದರೆ, ಅಲ್ಲಿ ತಳ್ಳಾಟವೇ ಇರಲಿಲ್ಲ. ಆಕಾರ ಒಡೆದರೆ, ತಳ್ಳಾಟವೇ ಅದನ್ನು ಕಟ್ಟಿತ್ತು. ಬೆಳಕಿಗೂ ಇದೇ ಮಾತು, ಅರ್ಧ ಬೆಳಕನ್ನಷ್ಟೇ ಬಿಡುವ ಒಂದು ಕಪ್ಪು ಗಾಜು ಸಾಕು. ಪುಸ್ತಕದ ಏಳನೆಯ ಪುಟದಲ್ಲಿ ಹೀಗೆ ಬರೆದಿತ್ತು: 'ಕಪ್ಪು ಗಾಜನ್ನು ಬಿಲ್ಲೆಯ ಮುಂದೆ ಇಡಿ. ಡುಬ್ಬದ ಆಕಾರ ಬದಲಾದರೆ ಸೈರನ್ ಹಾಕಿ. ಬದಲಾಗದಿದ್ದರೆ ಬೇಡ.'

ಕಸ್ತೂರಿ ಮೂರು ವರ್ಷದಲ್ಲಿ ಆ ಪರೀಕ್ಷೆಯನ್ನು ಹನ್ನೊಂದು ಸಲ ಮಾಡಿದಳು. ಮಖಮಲ್ಲಿನ ಡಬ್ಬಿಯಿಂದ ಕಪ್ಪು ಗಾಜು ತೆಗೆಯುವುದು, ಸೆರಗಿನಿಂದ ಒರೆಸುವುದು, ಬಿಲ್ಲೆಯ ಮುಂದೆ ಗಾಜು ಕೂರುವ ಸೀಳಿನಲ್ಲಿ ಸಿಕ್ಕಿಸುವುದು. ಚಿತ್ರ ಮಬ್ಬಾಗುತ್ತಿತ್ತು, ಆಕಾರ ಕದಲುತ್ತಿರಲಿಲ್ಲ. ಹನ್ನೊಂದು ಸಲವೂ 'ಹಾಯುವ ಅಲೆ' ಅಂತ ಬರೆದು ಸಹಿ ಹಾಕಿದಳು. ಸೈರನ್ ಮೂಕಾಯಿತು. ಗಡ್ಡಿಯ ಜನ ಮೂರು ವರ್ಷ ಕಣ್ತುಂಬ ನಿದ್ದೆ ಮಾಡಿದರು. ದಾರಿಯಲ್ಲಿ ಸಿಕ್ಕರೆ, "ನೀ ಆ ಗಾಜು ಹಿಡದ ಮ್ಯಾಲೆ ಹೊಳಿನೂ ಹೇಳಿದ್ ಮಾತು ಕೇಳಾಕತ್ತೈತಿ ನೋಡವಾ" ಅನ್ನುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಸ್ತೂರಿಗೆ ಸಿಕ್ಕ ಪದಕ ಅದೊಂದೇ.

ಹಿಂದಿನ ಮಳೆಗಾಲದಲ್ಲಿ ಮಾತ್ರ ಒಂದು ದಿನ ಹೊಳೆ ಇದ್ದಕ್ಕಿದ್ದಂತೆ ಆಳೆತ್ತರ ಏರಿ ಇಳಿದು, ದಂಡೆಯಲ್ಲಿ ಕಟ್ಟಿದ್ದ ಹುಲಿಗೆವ್ವನ ಎರಡೂ ಎಮ್ಮೆಗಳನ್ನು ಒಯ್ದಿತ್ತು. "ದಂಡಿಗೆ ಯಾಕ್ ಕಟ್ಟಿದಿ ಅತ್ತಿ? ನಿನಗ ಬುದ್ಧಿ ಬ್ಯಾಡೇನು?" ಎಂದು ಎಲ್ಲರ ಎದುರು ಗದರಿದವಳು ಕಸ್ತೂರಿಯೇ. ಮುದುಕಿ ಅವತ್ತಿನಿಂದ ಸೊಸೆಯ ಜೊತೆ ಮಾತು ಬಿಟ್ಟಿದ್ದಳು.

ಆ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಪರದೆಯ ಮೇಲೆ ಡುಬ್ಬ ಎದ್ದಿತು. ಇಂಥ ದಪ್ಪ ಡುಬ್ಬವನ್ನು ಕಸ್ತೂರಿ ನೋಡಿರಲಿಲ್ಲ. ಗಾಜು ಇಟ್ಟಳು. ಮಬ್ಬಾಯಿತು, ಆಕಾರ ಅದೇ. ಹನ್ನೆರಡನೆಯ ಸಲ 'ಹಾಯುವ ಅಲೆ' ಅಂತ ಬರೆದಳು. ಇಂಜಿನಿಯರ್ ಮೆಹಬೂಬ ಅತ್ತಾರ ಬಂದು, ಕನ್ನಡಕ ಹಣೆಗೇರಿಸಿ ಪರದೆ ನೋಡಿದರು. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದ ಮನುಷ್ಯ.

"ಭಾಳ ದಪ್ಪ ಐತಲ್ಲ ಬಾಯಾರ?"

"ದಪ್ಪ ಇದ್ರೇನ್ರೀ ಸಾಹೇಬ್ರ, ಹಾಯ್ದು ಹೋಗ್ತೈತಿ. ಗಾಜು ಹಾಕಿ ನೋಡೀನಿ."

"ಸಂಜಿ ಆರಕ್ಕ ಗಡ್ಡಿ ಮುಟ್ಟತೈತಿ, ಹೌದಿಲ್ಲೋ? ಆತು ಬಿಡ್ರಿ." ಅವರೂ ಸಹಿ ಹಾಕಿದರು.

ಮಧ್ಯಾಹ್ನ ಒಂದಕ್ಕೆ ಕಸ್ತೂರಿ ಊಟಕ್ಕೆ ಮನೆಗೆ ಹೋದಳು. ಗಂಡ ಮುದಕಪ್ಪ ಬಸ್ ಕಂಡಕ್ಟರ್. ಗಡ್ಡಿಗೂ ತಾಲೂಕಿಗೂ ಓಡಾಡುವ ಬಸ್ಸು. ಮೊದಲ ಪಾಳಿ ಮುಗಿಸಿ ಬಂದವನು ಅಂಗಿ ಬಿಚ್ಚಿ ಎಸೆದು, ರೊಟ್ಟಿಗೆ ಕೈಹಾಕುವ ಮೊದಲೇ ಶುರು ಹಚ್ಚಿದ.

"ಇವತ್ತ ಒಬ್ಬಾಕಿ ಕೂಡ ಜಗಳಾತು ನೋಡು. ಪಂಚಾಯ್ತಿ ಮುಂದ ಇಳಸಪ್ಪಾ ಅಂದ್ಲು. ಇಳಿಸಿದೆ. ಇಳದ ಮ್ಯಾಲೆ ನನ್ನ ಹಿಡಕೊಂಡು ಬೈದಾಳಲ್ಲ, ಏಳು ತಲಿ ಎತ್ತಿ!"

"ಎಲ್ಲಿ ಇಳಿಸ್ದಿ?"

"ಪಂಚಾಯ್ತಿ ಮುಂದ! ದಾಟಿ ಬೇವಿನ ಗಿಡದ ಕಡೆ. ಬಸ್ ಹೊಂಟಿದ್ದು ಯಾಕಡೆ? ಆಕಡೆ. ಅಂದ್ರ ಅದು ಮುಂದ. ಆಕಿ ಏನಂತಾಳ, ಪಂಚಾಯ್ತಿ ಮಾರಿ ಮುಂದ ಇಳಿಸ್ಬೇಕಿತ್ತಂತ. ಅದರ ಮಾರಿ, ಬಾಗಲಾ, ಐತಿ ಈಕಡೆ, ಬಸ್ ಬರೋ ಕಡೆ. ಲೇ ಯವ್ವಾ, ಪಂಚಾಯ್ತಿ ಮಾರಿ ಕಟಗೊಂಡು ನನಗೇನಾಗಬೇಕು? ಬಸ್‌ನ್ಯಾಗ ಕುಂತವ್ರಿಗೆ ಬಸ್ ಹೋಗೋ ಕಡೀನ ಮುಂದ. ಹೌದಲ್ಲ? ಡ್ರೈವರ್ ಆಕಿ ಕಡೆ, ಪ್ಯಾಸೆಂಜರ್ ಅರ್ಧ ಮಂದಿ ನನ್ನ ಕಡೆ. ಹತ್ತು ನಿಮಿಷ ಬಸ್ ನಿಂತೇ ಬಿಡ್ತು."

ಕಸ್ತೂರಿ ನಗುತ್ತಿದ್ದಳು. ರೊಟ್ಟಿ ಮುರಿದು ಪಲ್ಲೆಗೆ ಅದ್ದಿದ ಕೈ ಅಲ್ಲೇ ನಿಂತಿತು.

"ಏನಂದಿ?"

"ಬಸ್ ಹತ್ತು ನಿಮಿಷ…"

"ಅದಲ್ಲ. ಮಾರಿ ಯಾಕಡೆ ಅಂದಿ?"

"ಬಸ್ ಬರೋ ಕಡೆ. ಯಾಕ?"

ಅವಳು ಮುರಿದ ರೊಟ್ಟಿಯನ್ನು ತಾಟಿಗೆ ಇಟ್ಟಳು. ಬೆಳಕೂ ಹೊರಟ ಬಸ್ಸೇ. ದೀಪದಿಂದ ಹೊರಡುತ್ತದೆ, ಬಿಲ್ಲೆಯನ್ನು ಹಾಯುತ್ತದೆ, ಕ್ಯಾಮೆರಾದಲ್ಲಿ ಇಳಿಯುತ್ತದೆ. ಬಿಲ್ಲೆಯ ಮುಂದೆ ಅಂದರೆ ಎಲ್ಲಿ? ದೀಪ ಗೋಡೆಯ ಕಡೆ ಇತ್ತು, ಧಗೆ ಅಂತ ಯಾರೂ ಆ ಬದಿಗೆ ಹೋಗುತ್ತಿರಲಿಲ್ಲ. ಆಪರೇಟರ್ ಕೂರುವುದು ಕ್ಯಾಮೆರಾ ಕಡೆ. ಅವಳಿಗೆ ಈ ಪರೀಕ್ಷೆ ಕಲಿಸಲು ಬಂದವನೂ ಇತ್ತಲೇ ಕೂತು, "ಬಿಲ್ಲಿ ದಾಟಿ ಮುಂದ, ಇಲ್ಲಿ" ಅಂತ ಸೀಳು ತೋರಿಸಿದ್ದ. ಎರಡೂ ಬದಿಗೆ ಸೀಳುಗಳಿದ್ದವು. ಇತ್ತ ಇಟ್ಟರೆ, ಬೆಳಕು ಬಿಲ್ಲೆಯೊಳಗೆ ಪೂರ್ತಿ ಹರಿದು, ತಳ್ಳಾಡಿ, ಎಲ್ಲ ಮುಗಿಸಿ ಹೊರಗೆ ಬಂದ ಮೇಲೆ ಗಾಜು ಅದನ್ನು ಅರ್ಧ ಮಾಡುತ್ತದೆ. ಬಸ್ಸಿನ ಬಾಗಿಲಲ್ಲಿ ಜನರನ್ನು ಅರ್ಧ ಮಾಡದೆ, ನೋಡುವವರು ಕಪ್ಪು ಕನ್ನಡಕ ಹಾಕಿಕೊಂಡಂತೆ. ಆಕಾರ ಯಾಕೆ ಬದಲಾದೀತು? ಸಾವಿರ ಸಲ ಮಾಡಿದರೂ ಬದಲಾಗುವುದಿಲ್ಲ.

ಕೈ ತೊಳೆಯದೆ ಎದ್ದಳು. "ಎಲ್ಲಿ ಹೊಂಟಿ, ಅನ್ನ ಐತಲ್ಲ!" ಎಂದು ಮುದಕಪ್ಪ ಕೂಗಿದ್ದು ಗೇಟಿನವರೆಗೆ ಕೇಳಿಸಿತು.

ಕಂಟ್ರೋಲ್ ರೂಮಿನಿಂದ ಐತಾಳರಿಗೆ ಫೋನ್ ಹಚ್ಚಿದಳು. ನಿವೃತ್ತಿಯಾಗಿ ಊರು ಸೇರಿದ್ದರು. ಮಧ್ಯಾಹ್ನದ ನಿದ್ದೆಯಿಂದ ಎದ್ದ ಗಂಟಲು.

"ಗುಂಡಲದಿನ್ನಿಯಾ? ಎಂತಾಯ್ತು ಅಮ್ಮ?"

"ಸರ್, ಏಳನೇ ಪುಟದಾಗ ಬಿಲ್ಲಿ ಮುಂದ ಅಂತ ಬರದೀರಲ್ಲ, ಯಾ ಕಡೆ ಸರ್?"

"ಮುಂದೆ ಅಂದ್ರೆ ಮುಂದೆ ಮಾರಾಯ್ತಿ. ದೀಪದ ಬದಿಗೆ. ಬೆಳಕು ಬಿಲ್ಲೆಗೆ ಹೋಗುವ ಮೊದಲೇ ಅರ್ಧ ಆಗ್ಬೇಕಲ್ಲ? ಆಮೇಲೆ ಕ್ಯಾಮೆರಾದ ಕಣ್ಣನ್ನು ಎರಡರಷ್ಟು ತೆರೆದು ಆಕಾರ ಹೋಲಿಸುವುದು. ನೀವು ಎಲ್ಲಿ ಇಟ್ಟದ್ದು?"

ಕಸ್ತೂರಿ ತನ್ನೆದುರಿನ ಸೀಳಿನಿಂದ ಗಾಜನ್ನು ಹೊರಗೆಳೆದಳು.

"ಅಮ್ಮ? ಕ್ಯಾಮೆರಾ ಬದಿಗೆ ಇಟ್ಟದ್ದಲ್ಲ ಅಲ್ವಾ?"

"ಮೂರು ವರ್ಷ ಆತು ಸರ್."

ಐತಾಳರು ಮೆತ್ತಗೆ ಅಂದರು: "ಎಲ್ಲರಿಗೂ ಅರ್ಥ ಆಗ್ಲಿ ಅಂತ ನಾನು ಕನ್ನಡದಲ್ಲಿ ಬರೆದದ್ದು." ಮತ್ತೆ ತಮ್ಮಷ್ಟಕ್ಕೆ, "ಒಂದು ಚಿತ್ರ ಹಾಕಬೇಕಿತ್ತು. ಎಂಥ ಬುದ್ಧಿ ನನ್ನದು."

ಅವಳು ಫೋನ್ ಮೇಜಿನ ಮೇಲಿಟ್ಟು, ದೀಪದ ಹಿಂದಿನ ಧಗೆಯಲ್ಲಿ ಕೈತೂರಿ ಗಾಜು ಸಿಕ್ಕಿಸಿದಳು. ಮುಂಗೈ ಚುರುಕ್ ಅಂದಿತು. ಕ್ಯಾಮೆರಾದ ಕಣ್ಣನ್ನು ಎರಡರಷ್ಟು ತೆರೆದಳು. ಬೆಳಗಿನ ಅಳತೆಯಲ್ಲೇ ಪರದೆಯ ಮೇಲೆ ಬೆಳಕಿನ ಹೊಳೆ ಮತ್ತೆ ಹರಿಯಿತು. ತಿರುವಿನಲ್ಲಿ ಬೆಳಿಗ್ಗೆ ಇದ್ದ ಆ ಒಂದೇ ದಪ್ಪ ಡುಬ್ಬ ಇರಲಿಲ್ಲ. ಎರಡು ಸಣ್ಣ ಗೆರೆ, ಬೇರೆ ಬೇರೆ, ಪಕ್ಕ ಪಕ್ಕದಲ್ಲಿ ಶಾಂತವಾಗಿ ನಡೆದು ಹೋದವು. ಆಕಾರ ಒಡೆದಿತ್ತು. ಬೆಳಿಗ್ಗೆ ಕಂಡಿದ್ದು ಗೋಡೆ. ಅದು ಆಗಲೇ ಹೊರಟಿತ್ತು. ಗಡಿಯಾರದಲ್ಲಿ ಒಂದೂ ಐವತ್ತು.

ಅತ್ತಾರ ಸಾಹೇಬರು ಕುರ್ಚಿಯಲ್ಲಿ ಕೂತಲ್ಲೇ ಕೇಳಿಸಿಕೊಂಡರು. ಕೋಪ ಮಾಡಲಿಲ್ಲ. ಕೋಪಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

"ಬೆಳಿಗ್ಗೆ ಹಾಯ್ತೈತಿ ಅಂತ ಬರದೀರಿ. ಈಗ ಕೂಡ್ತೈತಿ ಅಂತೀರಿ. ನಾನೂ ಸಹಿ ಹಾಕೀನಿ. ಮ್ಯಾಲಿನವ್ರು ಏನಂತಾರ?"

"ಏನರ ಅನ್ಲಿ ಸಾಹೇಬ್ರ. ಸೈರನ್ ಹಾಕ್ರಿ."

"ಹಾಕಿದ್ರ ಏಳ್ತಾರೇನ್ ಬಾಯಾರ, ಆ ಮಂದಿ?"

ಹಾಕಿದರು. ಮೂರು ವರ್ಷ ಮೂಕಾಗಿದ್ದ ಸೈರನ್ ಮೊದಲು ಕೆಮ್ಮಿ, ಆಮೇಲೆ ಊಳಿಟ್ಟಿತು. ಕಸ್ತೂರಿ ಕಿಟಕಿಯಿಂದ ನೋಡಿದಳು. ಗಡ್ಡಿಯಲ್ಲಿ ಒಬ್ಬಾಕೆ ಮೆಣಸಿನಕಾಯಿ ಹರವುತ್ತಿದ್ದವಳು ತಲೆ ಎತ್ತಿ, ಮತ್ತೆ ಬಗ್ಗಿ ಹರವತೊಡಗಿದಳು. ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವರಲ್ಲಿ ಒಬ್ಬ ಕಿವಿ ಮುಚ್ಚಿಕೊಂಡು ಎಲೆ ಇಳಿಸಿದ. ಫೋನ್ ರಿಂಗಾಯಿತು. ಗಡ್ಡಿಯ ಪಂಚಾಯ್ತಿ ಸದಸ್ಯ.

"ಅಕ್ಕಾರ, ಸೈರನ್ ರಿಪೇರಿ ಮಾಡಾಕತ್ತೀರೇನು? ಲಗೂನ ಮುಗಸ್ರೀ, ನಮ್ಮ ಮನ್ಯಾಗ ಕೂಸು ಎದ್ದು ಅಳಾಕತ್ತೈತಿ."

"ರಿಪೇರಿ ಅಲ್ಲೋ ಯಪ್ಪಾ, ನೀರು ಬರಾಕತ್ತೈತಿ!"

"ಹ್ಞಾಂ, ಬರ್ಲಿ ಬರ್ಲಿ," ಎಂದು ಅವನು ನಕ್ಕು ಇಟ್ಟ.

ಎರಡೂವರೆಗೆ ಮುದಕಪ್ಪನ ಬಸ್ಸು ಗಡ್ಡಿಗೆ ಹೊರಡುತ್ತಿತ್ತು. ಕಸ್ತೂರಿ ಓಡಿ ಹತ್ತಿದಳು. ಗಂಡ ಅವಳ ಮುಖ ನೋಡಿ, ಏನೂ ಕೇಳದೆ, ಉಳಿದ ಪ್ರಯಾಣಿಕರನ್ನೆಲ್ಲ ಇಳಿಸಿ ರೈಟ್ ಅಂದ. ಗಡ್ಡಿಯ ಗುಡಿಯ ಮೈಕು ಅವಳ ಕೈಗೆ ಬರುವಾಗ ಮೂರಾಗಲು ಹತ್ತು ನಿಮಿಷ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದಳು, ಮೈಕು ಕಿರ್ರ್ ಅಂದ ಕೂಡಲೇ ಎಲ್ಲ ಚೆಲ್ಲಿ ಹೋಯಿತು.

"ನಾ ಕಸ್ತೂರಿ. ಹುಲಿಗೆವ್ವನ ಸೊಸಿ. ಕೇಳ್ರಿ. ನಾ ತಪ್ಪ ಮಾಡೀನಿ. ಮೂರು ವರ್ಷ ಸೈರನ್ ಆಗಿಲ್ಲಲ್ಲ, ಹೊಳಿ ಶಾಣ್ಯಾ ಆಗಿದ್ದಕ್ಕಲ್ಲ. ನಾ ಗಾಜು ಇಡೋದು ತಪ್ಪಿ ಇಟ್ಟಿದ್ದಕ್ಕ. ದೀಪದ ಕಡೆ ಇಡೋದು, ನನ್ನ ಕಡೆ ಇಟ್ಟೆ. ಹನ್ನೆರಡು ಸಲ ಸುಳ್ಳ ಬರದೆ. ಸುಳ್ಳು ಅಂತ ನನಗೂ ಗೊತ್ತಿರಲಿಲ್ಲ. ಇವತ್ತ ಸರಿ ಇಟ್ಟು ನೋಡೀನಿ. ಗೋಡಿ ಬರಾಕತ್ತೈತಿ. ಸಂಜಿ ಆರಕ್ಕ. ನನ್ನ ಬೈರಿ, ಹೊಡೀರಿ, ಆದ್ರ ಆ ದಂಡಿಗೆ ಬಂದು ಹೊಡೀರಿ."

ಕಟ್ಟೆಯ ಇಸ್ಪೀಟಿನವರಲ್ಲಿ ಒಬ್ಬ ಎಲೆ ಕೆಳಗಿಟ್ಟ. "ಏ, ಇದೇನೋ ಹೊಸಾದು ಹೇಳಾಕತ್ತಾಳಲೇ."

"ಮದ್ಲ ಒಂಬತ್ತು ಸಲ ನೀವ್ ತಪ್ಪ ಮಾಡಿದ್ರಿ, ಆಮ್ಯಾಲೆ ಹನ್ನೆರಡು ಸಲ. ನಿಮ್ಮ ಆಪೀಸಿನ್ಯಾಗ ಸರಿ ಮಾಡೋವ್ರು ಯಾರದಾರ?" ಇನ್ನೊಬ್ಬ ಕೂಗಿದ.

"ಯಾರೂ ಇಲ್ಲೋ," ಎಂದಳು ಕಸ್ತೂರಿ. ಮೈಕು ಆನ್ ಇದ್ದುದರಿಂದ ಅದೂ ಊರೆಲ್ಲ ಕೇಳಿಸಿತು. "ಯಾರೂ ಇಲ್ಲ. ಅದಕ್ಕ ಏಳ್ರಿ."

ಮೆಣಸಿನಕಾಯಿ ಹರವುತ್ತಿದ್ದಾಕೆ ಮೊದಲು ಎದ್ದಳು. ಸರ್ಕಾರದವರು ತಪ್ಪು ಒಪ್ಪಿಕೊಂಡಿದ್ದನ್ನು ಅವಳ ಜನ್ಮದಲ್ಲಿ ಕೇಳಿರಲಿಲ್ಲವಂತೆ. ಒಪ್ಪಿಕೊಳ್ಳುತ್ತಿದ್ದಾರೆ ಅಂದರೆ ಏನೋ ಭಾರಿ ಇರಬೇಕು ಅಂತ ಗಂಡನಿಗೆ ಹೇಳಿದಳು. ಜನ ಎದ್ದರು. ಗಡಿಬಿಡಿಯಿಲ್ಲ, ಗೋಳಾಟವಿಲ್ಲ. ಮಾಡಿ ಮಾಡಿ ಬೇಸತ್ತ ಕೆಲಸವನ್ನು ಮತ್ತೊಮ್ಮೆ ಮಾಡುವವರ ಹಾಗೆ ಗಂಟು ಕಟ್ಟಿದರು. ಯಾವ ಪಾತ್ರೆ ಯಾವ ಚೀಲಕ್ಕೆ ಅಂತ ಕೈಗೆ ಇನ್ನೂ ನೆನಪಿತ್ತು.

ಹುಲಿಗೆವ್ವ ಮಾತ್ರ ಬಾಗಿಲಲ್ಲಿ ಕೂತಿದ್ದಳು. ಮುದಕಪ್ಪ ಎತ್ತಲು ಹೋದರೆ ಕೋಲು ತೋರಿಸಿದಳು. "ಹತ್ತು ಸಲ ಏಳಾಕ ನಾ ಏನು ಸಾಲಿ ಹುಡುಗೇನು? ನಾ ಒಲ್ಲೆ. ಬರೋದಿದ್ರ ಇಲ್ಲೇ ಬರ್ಲಿ."

ಕಸ್ತೂರಿ ಅವಳ ಎದುರು ನೆಲದ ಮೇಲೆ ಕೂತಳು.

"ಅತ್ತಿ, ನಿನ್ನ ಎಮ್ಮಿ ನಾ ಕೊಂದೆ."

ಮುದುಕಿ ತಿರುಗಿ ನೋಡಿದಳು.

"ಅವತ್ತೂ ಡುಬ್ಬ ಇತ್ತು. ಅದು ಸಣ್ಣದು, ಆದ್ರ ಕೂಡೋದ. ಗಾಜು ಸರಿ ಇಟ್ಟಿದ್ರ ಗೊತ್ತಾಗ್ತಿತ್ತು. ಸೈರನ್ ಹಾಕ್ತಿದ್ದೆ. ನೀ ಬಿಚ್ಚಿಕೊಂಡು ಬರ್ತಿದ್ದಿ. ನೀ ದಂಡಿಗೆ ಕಟ್ಟಿದ್ದರಾಗ ತಪ್ಪಿರಲಿಲ್ಲ. ನೀ ದಿನಾ ಅಲ್ಲೇ ಕಟ್ತಿದ್ದಿ."

"ಎಲ್ಲಾರ ಮುಂದ ಬೈದಿ ನನಗ."

"ಹೌದು."

"ಗಬ್ಬ ಇತ್ತು ಒಂದು."

"ಗೊತ್ತೈತಿ ಅತ್ತಿ."

ಹುಲಿಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಕೋಲು ಊರಿ ಎದ್ದಳು. ಕ್ಷಮಿಸಿದೆ ಅಂತೇನೂ ಅನ್ನಲಿಲ್ಲ. "ಬಸ್‌ನ್ಯಾಗ ಕಿಡಕಿ ಹಂತೇಕ ಕುಂಡ್ರಸು, ವಾಂತಿ ಬರ್ತೈತಿ," ಅಂದಳು.

ಬಸ್ಸು ನಾಲ್ಕು ಸಲ ಹೋಗಿ ಬಂತು, ಟ್ರ್ಯಾಕ್ಟರ್‌ಗಳು ಎಷ್ಟು ಸಲವೋ. ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿರುವಾಗ ಸೇತುವೆ ಖಾಲಿಯಾಯಿತು. ನೀರು ಆರೂ ಹತ್ತಕ್ಕೆ ಬಂತು. ತಿರುವಿನಲ್ಲಿ ಕಂದು ಬಣ್ಣದ ಒಂದು ಗೆರೆ ಕಂಡಿತು, ಯಾರೋ ದಾರ ಎಳೆದಂತೆ. ಸದ್ದು ಆಮೇಲೆ ಬಂತು. ಸೇತುವೆ ಮುರಿಯುವಾಗ ಸದ್ದು ಕೂಡ ಆಗಲಿಲ್ಲ, ಇತ್ತು, ಇಲ್ಲವಾಯಿತು ಅಷ್ಟೇ. ಕೆಳಗೇರಿಯ ನಲವತ್ತೊಂದು ಮನೆ ಹೋದವು. ಕುರಿ, ಕೋಳಿ, ಹರವಿದ ಮೆಣಸಿನಕಾಯಿ, ಗುಡಿಯ ಮೈಕು ಎಲ್ಲ ಹೋಯಿತು. ದಂಡೆಯ ಮೇಲೆ ಮುನ್ನೂರ ಹತ್ತು ಜನ ನಿಂತು ನೋಡಿದರು. ಯಾರೂ ಕಸ್ತೂರಿಗೆ ಕೈಮುಗಿಯಲಿಲ್ಲ, ಯಾರೂ ಬೈಯಲೂ ಇಲ್ಲ. ಶಾಲೆಯ ವರಾಂಡಕ್ಕೆ ನಡೆದರು. ಅಲ್ಲಿ ಉಪ್ಪಿಟ್ಟು ಬೇಯುತ್ತಿತ್ತು.

ವಿಚಾರಣೆಗೆ ಮೂವರು ಬಂದರು. ಅವರಲ್ಲಿ ದೊಡ್ಡವರು ಕಡತ ಮುಚ್ಚಿ ಕೇಳಿದರು: "ಬೆಳಗ್ಗೆ ಹಾಯುವ ಅಲೆ, ಮಧ್ಯಾಹ್ನ ಕೂಡುವ ಅಲೆ ಆಯಿತು, ಪರಿಸ್ಥಿತಿ ಬದಲಾಯಿತು ಅಂತ ಬರೆದಿದ್ದರೆ ಸಾಕಿತ್ತು. ಹಿಂದಿನ ಹನ್ನೊಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮೈಕಿನಲ್ಲಿ ಹೇಳುವ ಅಗತ್ಯ ಏನಿತ್ತು?"

"ಹೇಳದಿದ್ರ ಯಾರೂ ಎದ್ದು ಬರ್ತಿರಲಿಲ್ರಿ," ಅಂದಳು ಕಸ್ತೂರಿ.

ಅದನ್ನು ಅವರು ಬರೆದುಕೊಂಡರೋ ಇಲ್ಲವೋ. ಅವಳನ್ನು ಕಂಟ್ರೋಲ್ ರೂಮಿನಿಂದ ತೆಗೆದು ತಾಲೂಕಿನ ಉಗ್ರಾಣಕ್ಕೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ತುಕ್ಕು ಹಿಡಿದ ಬೋಲ್ಟುಗಳ ರಾಶಿ. ಒಂದು ವಾರ ಅತ್ತಳು, ಆಮೇಲೆ ಅದೂ ಸಾಕಾಯಿತು. ಹುಲಿಗೆವ್ವ ಈಗ ಕ್ವಾರ್ಟರ್ಸ್‌ನಲ್ಲೇ ಇದ್ದಾಳೆ, ನಲ್ಲಿ ನೀರು ಕುಡಿದು ದಿನಕ್ಕೆರಡು ಸಲ ಹೊಟ್ಟೆ ಉಬ್ಬಿತು ಅನ್ನುತ್ತಾಳೆ. ಅಂದರೆ ಮಾತಾಡುತ್ತಾಳೆ.

ಕಂಟ್ರೋಲ್ ರೂಮಿಗೆ ಸುಧೀಂದ್ರ ಅನ್ನುವ ಎಂ.ಎಸ್ಸಿ. ಓದಿದ ಹೊಸ ಆಪರೇಟರ್ ಬಂದಿದ್ದಾನೆ. ಗಡ್ಡಿಯ ಜನ ಮತ್ತೆ ಮೇಲ್ಗೇರಿಯಲ್ಲಿ ತಗಡು ಹಾಕಿಕೊಂಡು ಕೂತಿದ್ದಾರೆ. ಆಕಾಶ ಕಪ್ಪಾದರೆ ಸಾಕು, ಅವನಿಗೆ ಫೋನ್ ಹೋಗುತ್ತದೆ. ಕುರಿ ಕಾಯುವವರು ಮಾಡುತ್ತಾರೆ, ಬೀಡಿ ಕಟ್ಟುವವರು ಮಾಡುತ್ತಾರೆ, ಅಕ್ಷರ ಬಾರದ ಮುದುಕಿಯರು ಮೊಮ್ಮಕ್ಕಳಿಂದ ನಂಬರ್ ಒತ್ತಿಸಿ ಮಾಡುತ್ತಾರೆ.

"ಸರ್, ಗಾಜು ಎಲ್ಲಿ ಇಟ್ಟೀರಿ?"

"ನಿಮಗೆ ಯಾಕ್ರೀ ಅದು? ನಿಮಗೇನ್ ತಿಳೀತದ?"

"ತಿಳೀತೈತ್ರಿ. ದೀಪದ ಕಡೀಗೋ, ನಿಮ್ಮ ಕಡೀಗೋ?"

"ದೀಪದ ಕಡೆ! ದೀಪದ ಕಡೆ! ಇಡ್ರಿ ಫೋನ್!"

"ಒಮ್ಮೆ ಎದ್ದು ಹೋಗಿ ನೋಡಿ ಹೇಳ್ರಿ ಸರ್. ನಾ ಹಿಡಕೊಂಡಿರ್ತೀನಿ."

ಅವನು ಬೈದುಕೊಳ್ಳುತ್ತ ಎದ್ದು ಹೋಗಿ, ನೋಡಿ ಬರುತ್ತಾನೆ. ಪ್ರತಿ ಸಲ.

ಇಷ್ಟೇ ಕಥೆ. ಈಗ ನನಗೂ ದಣಿವಾಗಿದೆ, ಒಂದು ಮಾತು ಹೇಳಿ ನಿಲ್ಲಿಸುತ್ತೇನೆ. ಅದೇ ಹದಿನಾರು ಪುಟದ ಪುಸ್ತಕ, ಅದೇ ಏಳನೆಯ ಪುಟ, ಇನ್ನೂ ಏಳು ಬ್ಯಾರೇಜುಗಳ ಮೇಜಿನ ಮೇಲಿದೆ. ಐತಾಳರು ಚಿತ್ರ ಬರೆದು ಕಳಿಸಿ ವರ್ಷವಾಯಿತು. ಕೇಳಿದರೆ ಅಚ್ಚಿನಲ್ಲಿದೆ ಅನ್ನುತ್ತಾರೆ. ಅಚ್ಚಿನಿಂದ ಅದು ಬರುವಷ್ಟರಲ್ಲಿ ಎಷ್ಟು ಮಳೆಗಾಲ ಬಂದು ಹೋಗುತ್ತದೋ. ಆದ್ದರಿಂದ ಈ ಸಂದೇಶವನ್ನು ಕೇಳಿ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಹೊಳೆಯ ದಂಡೆಯಲ್ಲಿ ಅಣ್ಣತಮ್ಮಂದಿರು, ಬೀಗರು, ಗೆಳೆಯರು ಯಾರೇ ಇದ್ದರೂ ಅವರಿಗೆ ಮುಟ್ಟಿಸಿ. ಸೈರನ್ ಒಂಬತ್ತೋ ಏಳೋ ಅಂತ ಜಗಳ ಬೇಕಾದರೆ ಆಮೇಲೆ ಆಡೋಣ. ಮೊದಲು ಅವರು ತಮ್ಮ ಬ್ಯಾರೇಜಿಗೆ ಒಂದು ಫೋನ್ ಮಾಡಿ ಕೇಳಲಿ. ಬೈಸಿಕೊಂಡರೂ ಚಿಂತೆಯಿಲ್ಲ, ಎದ್ದು ಹೋಗಿ ನೋಡಿ ಬರುವವರೆಗೂ ಫೋನ್ ಇಡದಿರಲಿ.